ಪಾನಕದ ಮೇಲಿನ ಅಪವಾದ

ಹೋದ ವರ್ಷ ಚೆನ್ನೈ ಪೆರಂಬೂರಿನ ನಮ್ಮ ಕಟ್ಟಡದ ತಾರಸಿಯಲ್ಲಿ ರಾಮನವಮಿ ಆಚರಿಸಿದ ಮರುದಿನ ಸಂಜೆಯಿಂದ ಕನ್ನಡದ ಮನೆಗಳಲ್ಲಿ ಒಂದೊಂದಾಗಿ ಹೊಟ್ಟೆ ಕೆಡತೊಡಗಿತು. ಮೂರನೆಯ ದಿನಕ್ಕೆ ಅರ್ಧಕ್ಕರ್ಧ ಮಂದಿಗೆ ವಾಂತಿ, ಭೇದಿ. ವಾಟ್ಸಾಪ್ ಗುಂಪಿನಲ್ಲಿ ಅಲ್ಲಿಯವರೆಗೆ ಶ್ಲೋಕ ಕಳಿಸುತ್ತಿದ್ದವರು ಎಷ್ಟು ಸಲ ಹೋದೆವೆಂಬ ವರದಿ ಕಳಿಸಲು ಶುರು ಮಾಡಿದರು. ಯಾರೂ ಆಸ್ಪತ್ರೆ ಸೇರಲಿಲ್ಲ. ಆದ್ದರಿಂದಲೇ ಇದನ್ನು ಇಷ್ಟು ಹಗುರವಾಗಿ ಬರೆಯುತ್ತಿದ್ದೇನೆ.

ಅಪವಾದ ಬಂದದ್ದು ಮೂರನೆಯ ಮಹಡಿಯ ಅತ್ತೆಯ ಪಾನಕದ ಮೇಲೆ. ಅತ್ತೆ ನನಗೆ ನೆಂಟರಲ್ಲ, ಇಡೀ ಕಟ್ಟಡಕ್ಕೇ ಅತ್ತೆ. ರೈಲ್ವೆ ಕೆಲಸದ ಗಂಡನೊಂದಿಗೆ ಮೈಸೂರಿನಿಂದ ಬಂದ ವರ್ಷದಿಂದ ರಾಮನವಮಿಯ ಪಾನಕ ಅವರದೇ. ಕೋಸಂಬರಿ, ಮಜ್ಜಿಗೆಗಳ ಉಸ್ತುವಾರಿ ವರ್ಷಕ್ಕೊಬ್ಬರಿಗೆ ಹೋದರೂ ಪಾನಕದ ಹಂಡೆಯ ಹತ್ತಿರ ಬೇರೆಯವರು ಸುಳಿಯುವಂತಿರಲಿಲ್ಲ.

"ಆ ಐಸು ಎಲ್ಲಿಂದ ಬಂತು ಅಂತ ಕೇಳಿ ಮೊದ್ಲು," ಎಂದರು ಕಟ್ಟಡದ ಕನ್ನಡ ಸಂಘದ ಕಾರ್ಯದರ್ಶಿ. ಅವರೂ ಮಲಗಿ ಎದ್ದವರೇ. "ರಾಯಪುರಂದು! ಮೀನಿಗೆ ಹಾಕೋ ಐಸು!"

ಭೇದಿಯನ್ನು ಸಹಿಸಿಕೊಂಡಿದ್ದ ಜನಕ್ಕೆ ಮೀನನ್ನು ಸಹಿಸಲಾಗಲಿಲ್ಲ. ಪಾನಕ ಕುಡಿಯುವಾಗಲೇ ಏನೋ ಒಂಥರಾ ವಾಸನೆ ಬಂದಿತ್ತೆಂದು ಒಬ್ಬರಿಗೆ ನೆನಪಾಯಿತು. ಸಂಜೆಯೊಳಗೆ ಆ ವಾಸನೆ ಎಲ್ಲ ಮಹಡಿಗಳಲ್ಲೂ ನೆನಪಾಯಿತು. ಕಾಯಿಲೆಗೆ ಹರಡಲು ಒಂದೂವರೆ ದಿನ ಬೇಕಾಗಿತ್ತು, ವಾಸನೆಗೆ ಒಂದು ಮಧ್ಯಾಹ್ನ ಸಾಕಾಯಿತು. ಮುಂದಿನ ವರ್ಷದಿಂದ ಪಾನಕ ಬೇಡ, ಪ್ಯಾಕೆಟ್ ಜ್ಯೂಸು ತರಿಸೋಣವೆಂದು ತೀರ್ಮಾನಿಸಲು ಭಾನುವಾರ ಸಭೆ ಗೊತ್ತಾಯಿತು.

ಅತ್ತೆ ನನ್ನ ಮನೆಗೆ ಇಳಿದು ಬಂದರು.

"ಏನೋ, ರೋಗ ಹೆಂಗೆ ಹರಡತ್ತೆ ಅನ್ನೋದನ್ನೇ ತಾನೆ ನೀನು ಓದಿದ್ದು?"

"ಎಮ್ಮೆಸ್ಸಿಲಿ ಅದು ಒಂದು ಪೇಪರ್ ಇತ್ತು ಅತ್ತೆ, ಅಷ್ಟೇ. ನಾನಿರೋದು ಇನ್ಶೂರೆನ್ಸ್ ಆಫೀಸಲ್ಲಿ."

"ಶರಿ, ಆ ಒಂದು ಪೇಪರ್ನಾದ್ರೂ ಉಪಯೋಗಿಸು. ನಾನಿಷ್ಟು ವರ್ಷ ಬೆಲ್ಲ ಕುಟ್ಟಿದ್ದು ಸಾಕಂತೆ. ಇನ್ಮೇಲೆ ರಾಮನ ಮುಂದೆ ಸ್ಟ್ರಾ ಚುಚ್ಕೊಂಡು ಕುಡೀತಾರಂತೆ."

"ಐಸು ಎಲ್ಲಿಂದ ತಂದ್ರಿ?"

"ಮೂಲೆ ಜ್ಯೂಸ್ ಅಂಗಡೀದು. ಯಾಕೆ, ನಿನಗೂ ಸಂದೇಹನಾ?"

ನೋಟುಬುಕ್ಕು ಹಿಡಿದು ಮನೆಮನೆ ಹತ್ತಿದೆ. ಎಲ್ಲರೂ ಮಾಡುವ ಮೊದಲ ತಪ್ಪೆಂದರೆ ಮಲಗಿದವರನ್ನು ಮಾತ್ರ ಕೇಳುವುದು. ಮಲಗಿದವರೆಲ್ಲ ಪಾನಕ ಕುಡಿದಿರುತ್ತಾರೆ ನಿಜ, ಅವರೆಲ್ಲ ಉಸಿರೂ ಆಡಿರುತ್ತಾರೆ. ಚೆನ್ನಾಗಿರುವವರನ್ನೂ ಅದೇ ಪ್ರಶ್ನೆ ಕೇಳಿ ಹೋಲಿಸಿದರೆ ಮಾತ್ರ ಏನಾದರೂ ತಿಳಿಯುತ್ತದೆ. ಅದರಲ್ಲೂ ಒಂದು ತೊಡಕಿದೆ. ಕಾಯಿಲೆ ಬಿದ್ದವರು ತಿಂದದ್ದನ್ನೆಲ್ಲ ಕೆದಕಿ ಕೆದಕಿ ನೆನಪಿಸಿಕೊಂಡಿರುತ್ತಾರೆ, ಚೆನ್ನಾಗಿರುವವರಿಗೆ ಅಂದು ಏನು ತಿಂದೆವೆಂಬುದೇ ನೆನಪಿರುವುದಿಲ್ಲ. ಅದಕ್ಕೆ ಎಲ್ಲರ ಫೋನಿನ ಫೋಟೋಗಳನ್ನೂ ನೋಡಿದೆ. "ನಾನು ಕೋಸಂಬರಿ ಮುಟ್ಟೇ ಇಲ್ಲರೀ" ಎಂದ ಕಾರ್ಯದರ್ಶಿಗಳ ಮುಂದೆ ಫೋಟೋದಲ್ಲಿ ಎರಡು ದೊನ್ನೆಗಳಿದ್ದವು, ಒಂದು ಖಾಲಿ.

ಎರಡನೆಯ ಮಹಡಿಯ ಹುಡುಗಿಗೆ ಎಲ್ಲರಿಗಿಂತ ಜೋರಾಗಿ ವಾಂತಿಯಾಗಿತ್ತು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಮಗು.

"ಪಾನಕಂ ಕಾರಂ ಅಂಕಲ್. ನಾನ್ ತೊಡವೇ ಇಲ್ಲೆ."

ಖಾರವೆಂದು ಪಾನಕ ಮುಟ್ಟಲೇ ಇಲ್ಲವಂತೆ. "ಕೋಸಂಬರಿ ಮಾತ್ರ ಎರಡೆರಡು ಸಲ ಹಾಕಿಸ್ಕೊಂಡಳು, ಮನೇಲಿ ಮಾಡಿದ್ರೆ ತಿನ್ನಲ್ಲ," ಎಂದು ತಾಯಿ ಸೇರಿಸಿದರು. ಇನ್ನು ಕೆಲಸ ಮುಗಿಸಿ ತಾಂಬರಂ ಕಡೆಯಿಂದ ಎಲೆಕ್ಟ್ರಿಕ್ ಟ್ರೇನಿನಲ್ಲಿ ತಡವಾಗಿ ಬಂದ ಇಬ್ಬರಿಗೆ ಕೋಸಂಬರಿ ಸಿಕ್ಕಿರಲಿಲ್ಲ. ಬಿಸಿಲಿಗೆ ಮೂರು ಮೂರು ಲೋಟ ಪಾನಕ ಕುಡಿದಿದ್ದರು. ಗುಂಡುಕಲ್ಲಿನಂತಿದ್ದರು.

ಅಲ್ಲಿಗೆ ಪಾನಕ ಪಾರಾಯಿತು. ಕೋಸಂಬರಿ ಸಿಕ್ಕಿಬಿತ್ತು. ಪಟ್ಟಿಯಲ್ಲಿ ಒಂದೇ ಒಂದು ಹೆಸರು ಮಾತ್ರ ಹೊಂದುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಕೋಸಂಬರಿ ತಿಂದೂ ಏನೂ ಆಗದವನೊಬ್ಬನಿದ್ದ. ಅವನು ನಾನು. ಆ ವರ್ಷ ಕೋಸಂಬರಿಯ ಉಸ್ತುವಾರಿಯೂ ನನ್ನದೇ ಆಗಿತ್ತು. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ, ತೆಂಗಿನತುರಿ ಹಾಕಿ, ನಿಂಬೆ ಹಿಂಡಿ, ಮೊಣಕೈವರೆಗೂ ಅದ್ದಿ ಕಲಸಿದ್ದೆ. ಬರಿಗೈಯಲ್ಲೇ ಬಡಿಸಿದ್ದೆ. ಸೌಟಿನಲ್ಲಿ ಹಾಕಿದರೆ ಅದು ಪ್ರಸಾದವೇ ಅಲ್ಲ ಎನ್ನುವುದು ನಮ್ಮವರ ನಂಬಿಕೆ.

ಡೈರಿ ತೆಗೆದೆ. ನನ್ನ ನೆನಪಿನ ಪ್ರಕಾರ ಹಬ್ಬದ ಆಸುಪಾಸಿನಲ್ಲಿ ನಾನು ದಿವ್ಯವಾಗಿದ್ದೆ. ಹಬ್ಬಕ್ಕೆ ಎರಡು ದಿನ ಮುಂಚೆ ನನ್ನದೇ ಅಕ್ಷರದಲ್ಲಿ ಹೀಗಿತ್ತು: "ರಜೆ. ಬೆಳಗಿನಿಂದ ಐದು ಸಲ. ಗಂಜಿ." ಕಾಯಿಲೆ ನಿಂತ ಮೇಲೂ ಕೆಲವು ದಿನ ಕ್ರಿಮಿ ಹೊರಬೀಳುತ್ತಿರುತ್ತದೆ ಎಂದು ಆ ಪೇಪರಿನಲ್ಲಿ ಓದಿ ಉತ್ತರವನ್ನೂ ಬರೆದಿದ್ದೆ. ಕಲಸುವ ಮುಂಚೆ ಸೋಪು ಹಾಕಿ ಕೈ ತೊಳೆದಂತೆ ನೆನಪು. ಆ ನೆನಪಿಗೆ ಈಗ ಎಷ್ಟು ಬೆಲೆ ಕೊಡುವುದು?

ನನಗೆ ಯಾರಿಂದ ಬಂದಿತ್ತು? ಟ್ರೇನಿನ ಹಿಡಿಯೋ, ಆಫೀಸಿನ ಪಕ್ಕದ ಕುರ್ಚಿಯವನೋ. ಹಿಂದೆ ಹಿಂದೆ ಹೋದರೆ ಎಲ್ಲಾದರೂ ಒಬ್ಬ ಮೊದಲಿಗ ಸಿಗಬೇಕು, ಆದರೆ ನಮ್ಮ ತಾರಸಿಯ ಮಟ್ಟಿಗೆ ಮೊದಲಿಗ ನಾನೇ. ಇದು ಸಾಬೀತಲ್ಲ, ಬಲವಾದ ಸಂಭವ ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಸೌತೆಕಾಯಿಯ ತಲೆಗೆ ಕಟ್ಟೋಣವೆಂದೂ ಅನಿಸಿತು. ಸೌತೆಕಾಯಿಗೆ ಸಂಘದಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ. ಆದರೆ ಶನಿವಾರ ಮೆಟ್ಟಿಲಲ್ಲಿ ಎದುರಾದ ಅತ್ತೆ, "ಏನಾದ್ರೂ ಸಿಕ್ತೇನೋ?" ಎಂದು ಎಷ್ಟು ಮೆಲ್ಲಗೆ ಕೇಳಿದರೆಂದರೆ, ಭಾನುವಾರ ಎದ್ದು ನಿಂತು ಎಲ್ಲ ಹೇಳಿಬಿಟ್ಟೆ.

ಒಂದು ಕ್ಷಣ ಎಲ್ಲರೂ ನನ್ನ ಕೈಗಳನ್ನೇ ನೋಡಿದರು.

"ಹಾಗಾದ್ರೆ ಐಸು?" ಕಾರ್ಯದರ್ಶಿ ಮೀನನ್ನು ಬಿಡಲೊಲ್ಲರು.

"ಬರೀ ಪಾನಕ ಕುಡಿದವರು ಆರೋಗ್ಯವಾಗಿದಾರೆ ಸಾರ್."

"ಅಂದ್ರೆ ನನ್ನ ಪಾನಕ ಚೆನ್ನಾಗಿತ್ತು ತಾನೆ?" ಅತ್ತೆ ಎದ್ದು ನಿಂತರು. "ಎಲ್ರೂ ಬಾಯ್ಬಿಟ್ಟು ಹೇಳಿ."

ಎಲ್ಲರೂ ಹೇಳಬೇಕಾಯಿತು. ಜ್ಯೂಸಿನ ಮಾತು ಅಲ್ಲಿಗೆ ನಿಂತಿತು.

ಈ ವರ್ಷ ನನ್ನನ್ನು ಚಪ್ಪಲಿ ಕಾಯಲು ಹಾಕಿದ್ದರು. ಅತ್ತೆ ತಾವೇ ಒಂದು ಲೋಟ ಪಾನಕ ತಂದುಕೊಟ್ಟು, ಬಗ್ಗಿ ಕಿವಿಯಲ್ಲಿ ಹೇಳಿದರು: "ಹೋದ ವರ್ಷದ ಐಸು ರಾಯಪುರಂದೇ ಕಣೋ. ಜ್ಯೂಸ್ ಅಂಗಡೀಲಿ ಅಷ್ಟು ಸಿಗಲಿಲ್ಲ. ನಿನ್ನ ಡೈರೀಲಿ ಬರೀಬೇಡ."

ಡೈರಿಯಲ್ಲಿ ಬರೆಯಲಿಲ್ಲ. ಹಾಗಾಗಿ ಅವರು ಹಾಗೆ ಹೇಳಿದ್ದು ನಿಜವೇ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಆಧಾರವಿಲ್ಲ. ಪಾನಕವಂತೂ ತಣ್ಣಗಿತ್ತು. ಇನ್ನೊಂದು ಲೋಟ ಕೇಳಿ ಕುಡಿದೆ.