ತಪ್ಪು ದಿಕ್ಕಿಗೆ ಓಡಿದ ಬೆರಳು

ಮೈಸೂರಿನ ಮನೆಯ ಪಡಸಾಲೆಯಲ್ಲಿ ತಾತ ನನಗೆ ಶ್ಲೋಕ ಹೇಳಿಕೊಡುತ್ತಿದ್ದಾಗ ಪುಸ್ತಕ ಮುಟ್ಟುವ ಹಾಗೇ ಇರಲಿಲ್ಲ. ಅವರು ಒಂದು ಸಲ ಹೇಳುವುದು, ನಾನು ಎರಡು ಸಲ ಹೇಳುವುದು. ಪುಸ್ತಕ ನೋಡಿಕೊಂಡು ಹೇಳುವವರನ್ನು ಕಂಡರೆ ಅವರಿಗೆ ಅಸಡ್ಡೆ. ಕಣ್ಣು ಹೋದ ದಿನ ಅವನ ದೇವರೂ ಹೋಗಿಬಿಡ್ತಾನೆ ಅಂತ ಹಂಗಿಸುತ್ತಿದ್ದರು. ಉರು ಹೊಡೆಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇರಲಿಲ್ಲ. ಆ ಜಂಬವೇ ಮುಂದೆ ನನ್ನ ಮದುವೆಗೆ ಕುತ್ತಾಗಿ ಬಂತು.

ನಾನು ಮೆಲ್ಬರ್ನ್‌ಗೆ ಬಂದದ್ದು ಎರಡು ಸಾವಿರದ ಇಸವಿಯ ಸುಮಾರಿಗೆ. ಅಲ್ಲಿಯ ಕ್ಲೇಟನ್ ಬಡಾವಣೆಯಲ್ಲಿ ನಾಲ್ಕು ಹುಡುಗಿಯರ ಜೊತೆ ರೆಂಟ್ ಹಂಚಿಕೊಂಡು ಓದಿದೆ, ಅಲ್ಲೇ ಆಸ್ಪತ್ರೆಯ ಲ್ಯಾಬ್‌ನಲ್ಲಿ ರಕ್ತ ತೆಗೆಯುವ ಕೆಲಸ ಸಿಕ್ಕಿತು, ಅಲ್ಲೇ ಕಾಯಂ ನೆಲೆಸಲು ಪಿಆರ್ ಕೂಡ ಆಯಿತು. ಅದೇ ಲ್ಯಾಬ್‌ನಲ್ಲಿ ಅವನೂ ಸಿಕ್ಕ. ಸಿಡ್ನಿಯವನು, ಯಹೂದಿ. ತಂದೆ ಇಲ್ಲ, ತಾಯಿಗೆ ಎಪ್ಪತ್ತು ದಾಟಿತ್ತು. ನಾನು ಅವರ ಧರ್ಮಕ್ಕೆ ಸೇರದೆ ಅವರ ಮಂದಿರದಲ್ಲಿ ಮದುವೆ ಆಗುವುದಿಲ್ಲ. ಮಂದಿರದಲ್ಲಲ್ಲದ ಮದುವೆಗೆ ಅವನ ತಾಯಿ ಬರುವುದಿಲ್ಲ. ತಾಯಿ ಬರದ ಮದುವೆ ಅವನಿಗೆ ಬೇಡ. ಮೂರೂ ಮಾತನ್ನು ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ನಾನೂ ಹೂಂ ಅಂದೆ.

ಬರೀ ಅವನಿಗೋಸ್ಕರ ಅಂತಲ್ಲ. ಸಿಡ್ನಿಗೆ ಹೋದಾಗ ಶುಕ್ರವಾರ ಸಂಜೆ ಅವನ ತಾಯಿ ದೀಪ ಹಚ್ಚಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ನಿಂತಾಗ ನಾನೂ ಪಕ್ಕದಲ್ಲಿ ಹೋಗಿ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಆದರೆ ಸೇರುತ್ತೇನೆ ಅಂದವರನ್ನು ಇವರು ಬನ್ನಿ ಅಂತ ಕರೆಯುವುದಿಲ್ಲ. ಬೇಡಮ್ಮ, ಹೋಗು ಅಂತ ಮೂರು ಸಲ ವಾಪಸು ಕಳಿಸುವುದೇ ಅವರ ಪದ್ಧತಿ. ಮೂರು ಸಲವೂ ಹೋಗಿ ಮೂರು ಸಲವೂ ಬಂದೆ. ಕೊನೆಗೆ ಒಪ್ಪಿದರು. ಅಡುಗೆಮನೆಯ ಕಟ್ಟುಪಾಡು, ಹಬ್ಬಗಳು, ಶನಿವಾರದ ನಿಯಮ ಎಲ್ಲ ಕಲಿಯಬೇಕು, ಹೀಬ್ರೂ ಪ್ರಾರ್ಥನೆ ಪುಸ್ತಕ ಓದಲು ಬರಬೇಕು. ಆಮೇಲೆ ಸಿಡ್ನಿಯಲ್ಲಿ ಮೂವರು ಧರ್ಮಗುರುಗಳ ಮುಂದೆ ಪರೀಕ್ಷೆ. ಊರಿಂದ ತಂದಿದ್ದ ಬೆಳ್ಳಿ ಕೃಷ್ಣನನ್ನು ರೂಮಿನ ಗೆಳತಿಯ ಕೈಗೆ ಕೊಟ್ಟ ದಿನ ಬಸ್‌ಸ್ಟಾಪಿನಲ್ಲಿ ಕೂತು ಅತ್ತೆ. ಅಮ್ಮನಿಗೆ ಫೋನ್‌ನಲ್ಲಿ ಹೇಳಿದರೆ, ಅವರ ದೇವರಿಗೂ ಕೈ ಮುಗಿ, ಬೇಡ ಅನ್ನಲ್ಲ, ಮದುವೆ ಮಾತ್ರ ಬೇಗ ಮಾಡ್ಕೋ ಅಂದಳು. ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಅದೇ ಪ್ರಶ್ನೆ, ಯಾವಾಗ, ಯಾವಾಗ.

ನನಗೆ ಪಾಠ ಹೇಳಲು ಗೊತ್ತುಮಾಡಿದ್ದು ಮೆಲ್ಬರ್ನ್‌ನಲ್ಲೇ ಕಾಲ್ಫೀಲ್ಡ್ ಬಡಾವಣೆಯ ಒಬ್ಬ ಹಿರಿಯ ಹೆಂಗಸನ್ನು. ಎಂಬತ್ತೆರಡು ವರ್ಷ, ನಲವತ್ತು ವರ್ಷ ಮಕ್ಕಳಿಗೆ ಹೀಬ್ರೂ ಕಲಿಸಿದವರು. ಹೆಸರು ಹಿಡಿದು ಕರೆ ಅಂದರು, ನನ್ನ ನಾಲಿಗೆ ಹೊರಳಲಿಲ್ಲ, ಆಂಟಿ ಅಂದೆ. ನಕ್ಕು ಒಪ್ಪಿಕೊಂಡರು. ಅವರ ಕಣ್ಣಿನ ನಡುಭಾಗಕ್ಕೆ ಮಂಜು ಕವಿದಿತ್ತು. ಎದುರಿಗೆ ಕೂತವರ ಮುಖ ಕಾಣದು, ಅಕ್ಷರವಂತೂ ಕಾಣುವ ಮಾತೇ ಇಲ್ಲ. ಪ್ರಾರ್ಥನೆಗಳೆಲ್ಲ ಅವರಿಗೆ ಕಂಠಸ್ಥ. ನಾನು ಓದಬೇಕು, ಅವರು ಕೇಳಿ ತಿದ್ದಬೇಕು.

ಮೊದಲ ತಿಂಗಳು ನಿಜವಾಗಿಯೂ ಒದ್ದಾಡಿದೆ. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ, ಅಡಿಯಲ್ಲಿ ಸಾಸಿವೆಯಂಥ ಚುಕ್ಕೆಗಳು. ಬೆಳಗಿನಿಂದ ಸಂಜೆಯವರೆಗೆ ಕಂಡವರ ನರ ಹುಡುಕಿ ಹುಡುಕಿ ಕಣ್ಣು ಸೋತಿರುತ್ತಿತ್ತು. ತಲೆ ಕೆಟ್ಟು ಹೋಗಿ ನನಗೆ ಗೊತ್ತಿದ್ದ ದಾರಿ ಹಿಡಿದೆ. ಆಂಟಿ ಹೇಳಿದ್ದನ್ನೆಲ್ಲ ಟೇಪ್ ಮಾಡಿಕೊಂಡು ಉದ್ದನೆಯ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಬಸ್ಸಿನಲ್ಲಿ, ಟ್ರಾಮ್‌ನಲ್ಲಿ, ಅನ್ನಕ್ಕಿಟ್ಟು ಕಾಯುವಾಗ, ಉರು ಹೊಡೆದದ್ದೇ ಹೊಡೆದದ್ದು. ಮಂಗಳವಾರ ಪಾಠಕ್ಕೆ ಹೋದರೆ ಪುಸ್ತಕ ತೆರೆದಿಟ್ಟುಕೊಂಡು ಪಟಪಟ ಹೇಳುತ್ತಿದ್ದೆ. ಇಷ್ಟು ಬೇಗ ಓದಲು ಕಲಿತವರನ್ನು ಕಂಡೇ ಇಲ್ಲ ಅಂತ ಆಂಟಿ ಹಿಗ್ಗಿದರು. ಅವರ ಹಿಗ್ಗು ನೋಡಿ ನಾನೂ ಹಿಗ್ಗಿದೆ, ನಾಚಿಕೆಗೆಟ್ಟವಳು. ಒಂದು ದಿನ ಅವರೇ ಹೇಳಿದ್ದರು, ಮಂದಿರದಲ್ಲಿರುವ ಧರ್ಮಗ್ರಂಥದ ಸುರುಳಿಯನ್ನು ಎಂಥ ಪಂಡಿತನೂ ಬಾಯಿಪಾಠ ಒಪ್ಪಿಸುವ ಹಾಗಿಲ್ಲ, ಅಕ್ಷರ ನೋಡಿಯೇ ಓದಬೇಕು ಅಂತ. ಅದು ಸುರುಳಿಗೆ, ನನಗಲ್ಲ ಅಂದುಕೊಂಡೆ. ಹೀಗೇ ಮೂರು ವರ್ಷ ಕಳೆಯಿತು.

ಸಿಡ್ನಿಯ ಪರೀಕ್ಷೆಯ ದಿನ ಮೊದಲ ಒಂದು ಗಂಟೆ ಎಲ್ಲ ಸರಿಯಾಗಿತ್ತು. ಹಬ್ಬದ ಬಗ್ಗೆ ಕೇಳಿದರು, ಅಡುಗೆಮನೆಯ ಬಗ್ಗೆ ಕೇಳಿದರು, ಹೇಳಿದೆ. ಆಮೇಲೆ ಹಿರಿಯ ಗುರು ಪುಸ್ತಕ ತೆರೆದು ಬೆಳಗಿನ ಪ್ರಾರ್ಥನೆ ಓದು ಅಂದರು. ನಾನು ಸಾಲಿನ ಮೇಲೆ ಬೆರಳಿಟ್ಟು ಶುರು ಮಾಡಿದೆ. ಒಂದು ತೊಡರಿಲ್ಲ, ಒಂದು ತಡೆಯಿಲ್ಲ. ಹಿರಿಯರು ತಲೆದೂಗುತ್ತಿದ್ದರು. ಮೂವರಲ್ಲಿ ಕಿರಿಯವರು ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದರು.

ಹೀಬ್ರೂ ಬಲದಿಂದ ಎಡಕ್ಕೆ ಹೋಗುವ ಬರಹ. ನನ್ನ ಬೆರಳು ಎಡದಿಂದ ಬಲಕ್ಕೆ ಆರಾಮವಾಗಿ ಹರಿದಾಡುತ್ತಿತ್ತು. ತಲೆಯೊಳಗೆ ನೋಟ್‌ಬುಕ್ಕಿನ ಕನ್ನಡದ ಸಾಲು ಓಡುತ್ತಿತ್ತು, ಬೆರಳು ಅದರ ಹಿಂದೆ ಹೋಗಿತ್ತು. ಮೂರು ವರ್ಷದಲ್ಲಿ ಆ ಬೆರಳನ್ನು ನೋಡುವ ಕಣ್ಣು ಯಾರಿಗೂ ಇರಲಿಲ್ಲ.

ಕಿರಿಯ ಗುರು ಮೆಲ್ಲಗೆ ಪುಸ್ತಕ ಎಳೆದುಕೊಂಡು ಇನ್ನೆಲ್ಲೋ ಒಂದು ಪುಟ ತೆರೆದು ಇಲ್ಲಿ ಓದಮ್ಮ ಅಂದರು. ಒಂದು ಪದವೂ ಬರಲಿಲ್ಲ. ನೆಲ ಬಿರಿದು ನುಂಗಬಾರದೆ ಅನ್ನಿಸಿತು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಒಂದು ವರ್ಷ ಬಿಟ್ಟು ಬಾ ಅಂದರು.

ಸಿಡ್ನಿಗೆ ಅವನೂ ಜೊತೆಗೆ ಬಂದಿದ್ದ. ಮೆಲ್ಬರ್ನ್‌ನಲ್ಲಿ ಇಳಿದು ಕಾರಿನಲ್ಲಿ ಕೂತ ಮೇಲೆ ಕೇಳಿದ. "ಮೂರು ವರ್ಷ ನೀನು ಅಲ್ಲಿ ಹೋಗಿ ಕಲಿತದ್ದೇನು ಹಾಗಾದರೆ?" ಅವನಿಗೆ ತಾನೇ ಓದಲು ಎಷ್ಟು ಬರುತ್ತಿತ್ತು? ಹದಿಮೂರನೇ ವಯಸ್ಸಿನಲ್ಲಿ ಮಂದಿರದಲ್ಲಿ ಒಂದು ಸಲ ಓದಿ ಪುಸ್ತಕ ಮುಚ್ಚಿದವನು. ಅದನ್ನೇ ಎತ್ತಿ ಆಡಿಬಿಟ್ಟೆ. ಅವನು ನನ್ನ ಕಡೆ ನೋಡದೆ, ಇನ್ನೊಂದೇ ಸಲ, ಆಮೇಲೆ ನನ್ನ ಕೈಲಾಗಲ್ಲ, ಅಮ್ಮನ ಕೈಲೂ ಆಗಲ್ಲ ಅಂದ. ನನಗೆ ಮೂವತ್ತೆರಡು ನಡೆಯುತ್ತಿತ್ತು. ನನ್ನ ದೇವರನ್ನು ಯಾರದೋ ಮನೆಗೆ ಕಳಿಸಿ ಆಗಿತ್ತು, ಇವರ ದೇವರ ಬಾಗಿಲು ತೆರೆದಿರಲಿಲ್ಲ. ಇವನೂ ಹೋದರೆ ಯಾವ ಮುಖ ಹೊತ್ತು ಯಾರ ಮನೆಗೆ ಹೋಗಲಿ?

ಮಂಗಳವಾರ ಆಂಟಿಯ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಕೇಳುತ್ತಾ ಕೇಳುತ್ತಾ ಕುಗ್ಗಿಹೋದರು. "ನನಗೆ ಕಣ್ಣಿಲ್ಲ ಅಂತ ತಾನೆ?" ಅಂದರು. ಅಲ್ಲ ಆಂಟಿ ಅಂದೆ. ಹೌದು ಅಂತ ಇಬ್ಬರಿಗೂ ಗೊತ್ತಿತ್ತು. ಆ ನೋಟ್‌ಬುಕ್ ಇತ್ತ ಕೊಡು ಅಂದರು, ಕೊಟ್ಟೆ. ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಇನ್ನು ಬರಬೇಡ ಅನ್ನುತ್ತಾರೆ ಅಂತ ಬ್ಯಾಗು ಎತ್ತಿಕೊಂಡೆ. ಅವರು ಕೇಳಿದ್ದೇ ಬೇರೆ. ನಿನ್ನ ಭಾಷೆಯ ಮೊದಲನೇ ಅಕ್ಷರ ನಿನಗೆ ಯಾರು ಕಲಿಸಿದರು ಅಂದರು.

ತಾತ, ಅಂದೆ. ತಟ್ಟೆಯಲ್ಲಿ ಅಕ್ಕಿ ಹರಡಿ, ನನ್ನ ಬೆರಳು ಹಿಡಿದು ಬರೆಸಿದ್ದರು.

ಆಂಟಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಬಾಸ್ಮತಿ ಅಕ್ಕಿಯ ಡಬ್ಬಿಯನ್ನೂ ಒಂದು ದೊಡ್ಡ ತಟ್ಟೆಯನ್ನೂ ತಂದರು. ಅಕ್ಕಿ ಸುರಿದು, ನನ್ನ ತೋರುಬೆರಳು ಹಿಡಿದು, ಬಲಗಡೆಯಿಂದ ಎಳೆದರು. ಕಣ್ಣಿಲ್ಲದಿದ್ದರೇನು, ನಲವತ್ತು ವರ್ಷ ಬರೆಸಿದ ಕೈ. ನಾನು ಒಂದು ಗೆರೆ ಹೆಚ್ಚುಕಮ್ಮಿ ಎಳೆದರೆ ಅವರ ಕೈ ಅಡ್ಡ ಬರುತ್ತಿತ್ತು. ಮೂವತ್ತೆರಡು ವರ್ಷದ ಹೆಂಗಸು ಶಿಶುವಿಹಾರದ ಮಗುವಿನ ಹಾಗೆ ಅಕ್ಕಿಯಲ್ಲಿ ಒಂದೊಂದೇ ಅಕ್ಷರ ತಿದ್ದಿದೆ.

ಅಕ್ಷರ ಬಂದವು. ಓದು ಬರಲಿಲ್ಲ. ಪಾಪ ಮಾಡಿದ್ದು ಅಷ್ಟು ಸುಲಭಕ್ಕೆ ಬಿಡುತ್ತದೆಯೆ? ಕಣ್ಣು ಒಂದು ಪದ ಕಾಣುವಷ್ಟರಲ್ಲಿ ಬಾಯಿ ಹತ್ತು ಪದ ಹೇಳಿ ಮುಗಿಸಿರುತ್ತಿತ್ತು. ಮೂರು ವರ್ಷ ಉರು ಹೊಡೆದದ್ದನ್ನು ಮರೆಯುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ. ನಾನು ವೇಗ ಹಿಡಿದ ಕೂಡಲೇ ಆಂಟಿ ಮೇಜು ಕುಟ್ಟುತ್ತಿದ್ದರು, ನಿಲ್ಲು, ಅದು ನಿನ್ನ ಬಾಯಿ, ಕಣ್ಣಲ್ಲ ಅನ್ನುತ್ತಿದ್ದರು. ಎಲ್ಲಾದರೂ ತೆರೆ, ಅಕ್ಷರ ಹೇಳು, ಚುಕ್ಕೆ ಹೇಳು, ಆಮೇಲೆ ಪದ ಹೇಳು. ಒಂದು ಸಾಲಿಗೆ ಕಾಲು ಗಂಟೆ. ಎಷ್ಟೋ ಮಂಗಳವಾರ ಟ್ರಾಮ್‌ನ ಕೊನೆಯ ಸೀಟಿನಲ್ಲಿ ಮುಖ ಕಿಟಕಿಗೆ ತಿರುಗಿಸಿಕೊಂಡು ಅಳುತ್ತಾ ಬಂದಿದ್ದೇನೆ. ಅವನು ಲ್ಯಾಬ್ ಮುಗಿದ ಮೇಲೆ ಫೋನ್ ಮಾಡುವುದು ಕಡಿಮೆಯಾಯಿತು. ಮಾಡಿದರೂ ಎಲ್ಲಿಗೆ ಬಂತು ಅಂತ ಕೇಳುತ್ತಿರಲಿಲ್ಲ.

ವರ್ಷ ಕಳೆದು ಮತ್ತೆ ಸಿಡ್ನಿಗೆ ಹೋದೆ. ಅದೇ ಕೋಣೆ, ಅದೇ ಮೂವರು. ಅವನು ಹೊರಗೆ ಬೆಂಚಿನ ಮೇಲೆ ಕೂತಿದ್ದ, ಪಕ್ಕದಲ್ಲಿ ಅವನ ತಾಯಿ, ಕೈಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು. ಈ ಸಲ ಬೇರೆ ಏನೂ ಕೇಳಲಿಲ್ಲ. ಕಿರಿಯ ಗುರು ಪುಸ್ತಕವನ್ನು ಸುಮ್ಮನೆ ಮಧ್ಯದಲ್ಲಿ ತೆರೆದು ನನ್ನ ಕಡೆ ತಳ್ಳಿದರು.

ಮೊದಲ ಪದ ನೋಡಿದ್ದೇ ಗುರುತು ಹಿಡಿದೆ. ಬೀಗ ಹಾಕಿದ ನೋಟ್‌ಬುಕ್ಕಿನ ಹನ್ನೆರಡನೇ ಪುಟ ಅದು. ಒಂದಕ್ಷರ ಬಿಡದೆ ಬಾಯಿಗೆ ಬರುತ್ತಿತ್ತು. ಬೆರಳನ್ನು ಬಲಗಡೆ ಇಟ್ಟುಕೊಂಡು, ಅಲ್ಲಲ್ಲಿ ಬೇಕೆಂದೇ ತಡವರಿಸಿ ಹೇಳಿದರೆ ಮುಗಿಯಿತು. ಇಲ್ಲಿ ಕಣ್ಣಿರುವವರಿಗೂ ಗೊತ್ತಾಗುವುದಿಲ್ಲ. ಹೊರಗೆ ಇಬ್ಬರು ಕಾಯುತ್ತಿದ್ದಾರೆ. ಮೈಸೂರಿನಲ್ಲಿ ಒಬ್ಬಳು ಭಾನುವಾರಕ್ಕೆ ಕಾಯುತ್ತಿದ್ದಾಳೆ. ಎರಡು ಸಾಲು ಹೇಳಿಯೂ ಬಿಟ್ಟೆ. ಯಾರೂ ಮೇಜು ಕುಟ್ಟಲಿಲ್ಲ. ನಾನೇ ನಿಲ್ಲಿಸಿದೆ.

"ಇದು ನನಗೆ ಬಾಯಿಪಾಠ," ಅಂದೆ. "ದಯವಿಟ್ಟು ಬೇರೆ ಪುಟ ಕೊಡಿ."

ಹಿರಿಯರು ಕಿರಿಯರ ಮುಖ ನೋಡಿದರು. ಕೆಟ್ಟೆ, ಬಾಯಿಗೆ ಬಂದ ತುತ್ತು ಕೈಯಾರೆ ಬಿಸಾಕಿದೆ ಅಂದುಕೊಂಡೆ. ಕಿರಿಯರು ಒಂದಷ್ಟು ಪುಟ ಮಗುಚಿದರು. ಆ ಪುಟ ನಾನು ಕಂಡೇ ಇರಲಿಲ್ಲ. ಬಲಗಡೆಯಿಂದ ಬೆರಳಿಟ್ಟೆ. ಅಕ್ಷರ, ಚುಕ್ಕೆ, ಪದ. ಅಕ್ಷರ, ಚುಕ್ಕೆ, ಪದ. ಎರಡು ಕಡೆ ತಪ್ಪಿದೆ, ವಾಪಸು ಹೋಗಿ ತಿದ್ದಿಕೊಂಡೆ. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಹಿರಿಯ ಗುರು ಕನ್ನಡಕ ತೆಗೆದು ಒರೆಸಿಕೊಂಡು ಸಾಕಮ್ಮ, ಸಾಕು ಅಂದರು. ಹೊರಗೆ ಕಳಿಸಿದರು, ಮತ್ತೆ ಒಳಗೆ ಕರೆದರು. ಒಪ್ಪಿದ್ದೇವೆ ಅಂದರು.

ಹೊರಗೆ ಅವನಿಗೂ ಅವನ ತಾಯಿಗೂ ಹೇಳಿದೆ. ಅವನ ತಾಯಿ ನನ್ನ ಕೈ ಹಿಡಿದುಕೊಂಡವರು ಬಿಡಲಿಲ್ಲ. ಇನ್ನೊಂದು ಕೈಯಲ್ಲೇ ಮೆಲ್ಬರ್ನ್‌ಗೆ ಆಂಟಿಗೆ ಫೋನ್ ಮಾಡಿದೆ. ಪಾಸಾಯಿತಾ ಅಂತ ಅವರು ಕೇಳಲೇ ಇಲ್ಲ.

"ಯಾವ ಪುಟ ಕೊಟ್ಟರು? ಏನಿತ್ತು ಅದರಲ್ಲಿ, ಹೇಳು," ಅಂದರು.

ಹೇಳೋಣ ಅಂತ ಬಾಯಿ ತೆರೆದೆ. ಹುಡುಕಿದೆ. ಒಂದು ಪದವೂ ಸಿಗಲಿಲ್ಲ. ಹುಟ್ಟಿದ ಮೇಲೆ ನನಗೆ ಹಾಗಾದದ್ದು ಅದೇ ಮೊದಲು.

"ನೆನಪಿಲ್ಲ ಆಂಟಿ," ಅಂದೆ. "ಓದಿದೆ, ಅಷ್ಟೆ."

ಆ ಕಡೆ ಆಂಟಿ ಮೂಗು ಒರೆಸಿಕೊಂಡು, ಬಂದಾಗ ನಿನ್ನ ನೋಟ್‌ಬುಕ್ ತೊಗೊಂಡು ಹೋಗು ಅಂದರು.