ಬಂಪರಿಗೆ ಅಂಟಿಸಿದ ಬೊಟ್ಟು

ರತ್ನತ್ತೆ ಕಾರನ್ನು ಹಿಂದಕ್ಕೆ ತೆಗೆಯುವಾಗ ಹಾಡು ಗುನುಗುತ್ತಿದ್ದಳು ಎಂದು ನನ್ನ ನೆನಪು. ಅದು ಹಾಡಲ್ಲ, ಬೈಗುಳ ಎನ್ನುತ್ತಾಳೆ ಅಮ್ಮ. ಇಬ್ಬರಲ್ಲಿ ಯಾರು ಸರಿಯೋ ಗೊತ್ತಿಲ್ಲ. ಇಷ್ಟಪಟ್ಟವರ ವಿಷಯ ಬಂದರೆ ನನ್ನ ನೆನಪು ಅವರ ಪರ ವಕಾಲತ್ತಿಗೆ ನಿಂತುಬಿಡುತ್ತದೆ; ಹಾಗಾಗಿ ಇಲ್ಲಿ ಕೆಲವು ವಿವರ ತಪ್ಪಿರಬಹುದು. ಆದರೆ ಆಕೆ ಎಡಗೈಯನ್ನು ಪಕ್ಕದ ಸೀಟಿನ ಬೆನ್ನಿಗೆ ಹಾಕಿ, ಕುತ್ತಿಗೆಯನ್ನು ಪೂರ್ತಿ ಹೊರಳಿಸಿ, ಯಾರ ಜೊತೆಗೋ ಜಗಳಕ್ಕೆ ನಿಂತವಳಂತೆ ಹಿಂದಿನ ಗಾಜನ್ನು ದಿಟ್ಟಿಸುತ್ತಿದ್ದದ್ದು ಮಾತ್ರ ನಿಜ. ಅಷ್ಟನ್ನು ಅಮ್ಮನೂ ಒಪ್ಪುತ್ತಾಳೆ.

ರತ್ನತ್ತೆ ನನ್ನ ಅಪ್ಪನ ತಂಗಿ. ಮಾವ ತೀರಿಕೊಂಡ ಮೇಲೆ ಕುಂದಾಣದ ಹತ್ತಿರದ ನಮ್ಮೂರಿಗೆ, ತವರಿಗೆ ಬಂದಳು. ಅಷ್ಟು ಹೊತ್ತಿಗೆ ನಮ್ಮ ದ್ರಾಕ್ಷಿ ಚಪ್ಪರದ ಮೇಲೆ ವಿಮಾನಗಳು ತಗ್ಗಿ ಇಳಿಯುವುದನ್ನು ಊರವರು ತಲೆಯೆತ್ತಿ ನೋಡುವುದು ಬಿಟ್ಟಿದ್ದರು. ಗಂಡಸರು ಒಬ್ಬೊಬ್ಬರಾಗಿ ಏರ್‌ಪೋರ್ಟ್ ಟ್ಯಾಕ್ಸಿಗೆ ಇಳಿದಿದ್ದರು. ಅತ್ತೆಯೂ ಒಂದು ಬಿಳಿ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದಾಗ, ಓಡಿಸುವವರು ಯಾರು ಎಂದು ಅಪ್ಪ ಕೇಳಿದ. "ಟ್ರೈಲರ್ ರಿವರ್ಸ್ ಹಾಕ್ದೋಳು ಯಾರಣ್ಣ ಈ ಮನೇಲಿ? ಅವಳೇ" ಎಂದಳು. ಮದುವೆಗೆ ಮುಂಚೆಯೇ, ದ್ರಾಕ್ಷಿ ಕ್ರೇಟು ತುಂಬಿದ ಟ್ರೈಲರನ್ನು ತೋಟದ ಇಕ್ಕಟ್ಟಿನ ದಾರಿಯಲ್ಲಿ ಹಿಂದಕ್ಕೆ ತೆಗೆಯುತ್ತಿದ್ದವಳು ಅವಳು. ಅಪ್ಪನಿಗೆ ಇಂದಿಗೂ ಅದು ಸರಿಯಾಗಿ ಬರುವುದಿಲ್ಲ.

ಹಣೆಯ ಬೊಟ್ಟನ್ನೂ ಅವಳು ತೆಗೆಯಲಿಲ್ಲ. ಯಾರದೋ ಸೀಮಂತದಲ್ಲಿ ಒಬ್ಬ ಹೆಂಗಸು ಕಣ್ಣಲ್ಲೇ ಅದನ್ನು ತೋರಿಸಿ ಏನೋ ಗೊಣಗಿದಾಗ, "ಇದು ಅವರು ಇಟ್ಟಿದ್ದಲ್ಲ ಕಣಕ್ಕ, ನಮ್ಮವ್ವ ಇಟ್ಟಿದ್ದು. ತೆಗೀಬೇಕಾದ್ರೆ ಅವ್ವನ್ನ ಕೇಳ್ಕೊಂಡು ಬಾ" ಎಂದಿದ್ದಳು. ಅಜ್ಜಿ ಆಗಲೇ ತೀರಿಕೊಂಡು ಬಹಳ ಕಾಲವಾಗಿತ್ತು. ಕಾರಿನ ಒಳಗನ್ನಡಿಯ ಅಂಚಿಗೆ ಕೆಂಪು ಸ್ಟಿಕ್ಕರ್ ಬೊಟ್ಟುಗಳು ಸಾಲಾಗಿ ಅಂಟಿಕೊಂಡಿರುತ್ತಿದ್ದವು. ಬೆವರಿಗೆ ಒಂದು ಉದುರಿದರೆ ಇನ್ನೊಂದು.

ಕನಿಕರ ಅವಳಿಗೆ ಆಗುತ್ತಿರಲಿಲ್ಲ. "ತಪ್ಪಿದ್ರೆ ಬೈರಿ, ಉಗೀರಿ. ಪಾಪ ಅಂತ ಮಾತ್ರ ಬಿಡ್ಬೇಡಿ" ಎನ್ನುವುದು ಅವಳ ಮಾತು. ನಾನು ಚಿಕ್ಕವಳಿದ್ದಾಗ ಚೌಕಾಬಾರದಲ್ಲಿ ಬೇಕೆಂದೇ ಅವಳಿಗೆ ಸೋತೆನೆಂದು ತಿಳಿದು ಕವಡೆಗಳನ್ನೆಲ್ಲ ಅಂಗಳಕ್ಕೆ ಎಸೆದಿದ್ದಳು.

ಏರ್‌ಪೋರ್ಟಿನ ಟ್ಯಾಕ್ಸಿ ಸಾಲಿನಲ್ಲಿ ಮೊದಲ ದಿನವೇ ನಡೆದದ್ದನ್ನು ಅವಳು ಎಷ್ಟೋ ಸಲ ಹೇಳಿದ್ದಾಳೆ, ಪ್ರತಿ ಸಲ ಸ್ವಲ್ಪ ಬೇರೆ ಥರ. ಹಿಂದಿನ ಗಾಡಿಯವನು ಬಂದು ಕಿಟಕಿ ತಟ್ಟಿ, "ಅಮ್ಮಾ, ಡ್ರೈವರ್ ಎಲ್ಲೋದ? ಗಾಡಿ ಮುಂದಕ್ಕೆ ತಗೀಬೇಕು" ಎಂದನಂತೆ. ಅತ್ತೆ ಕೆಳಗಿಳಿದು, ಆ ಕಡೆ ಈ ಕಡೆ ನೋಡಿ, "ನಾನೂ ಅವನನ್ನೇ ಹುಡುಕ್ತಿದೀನಿ ಕಣಪ್ಪ. ಸಿಕ್ರೆ ಹೇಳು, ಅವನ ಊಟಾನೂ ನಾನೇ ತಿಂತಿದೀನಿ" ಎಂದು ಮತ್ತೆ ಹತ್ತಿ ಕೂತು ಗಾಡಿ ಮುಂದಕ್ಕೆ ಬಿಟ್ಟಳಂತೆ. ಆಮೇಲೆ ಆ ಮನುಷ್ಯ ಅವಳನ್ನು ಅಕ್ಕ ಎನ್ನತೊಡಗಿದ.

ಇಷ್ಟೆಲ್ಲ ಇದ್ದವಳನ್ನು ಅಲ್ಲಾಡಿಸಿದ್ದು ಆ ಕಾರಿನ ಹಿಂಭಾಗದ ನಾಲ್ಕು ಸೆನ್ಸರುಗಳು. ಬಂಪರಿನಲ್ಲಿ ಗುಂಡಿಗಳ ಹಾಗೆ ಕೂತಿರುವ ಅವು, ಹಿಂದಕ್ಕೆ ತೆಗೆಯುವಾಗ ಏನಾದರೂ ಅಡ್ಡ ಬಂದರೆ ಒಳಗಿನ ಪೆಟ್ಟಿಗೆಯನ್ನು ಕೂಗಿಸುತ್ತವೆ. ಅತ್ತೆ ಅವನ್ನು ಕಣ್ಣು ಎನ್ನುತ್ತಿದ್ದಳು. ಕೆಲವು ವಾರಗಳಿಂದ ಆ ಕಣ್ಣುಗಳು ಖಾಲಿ ರಸ್ತೆಯಲ್ಲೂ ಕಿರುಚುತ್ತಿದ್ದವು. ಒಂದು ಮಧ್ಯಾಹ್ನ ಅಂಗಳದಲ್ಲಿ ಹಿಂದಕ್ಕೆ ತೆಗೆಯುವಾಗ ಸುಮ್ಮನಿದ್ದುಬಿಟ್ಟವು, ಕಾರು ಚಪ್ಪರದ ಮೂಲೆಯಲ್ಲಿ ಬೇರೆಯಾಗಿ ನಿಂತಿದ್ದ ಗಿಡ್ಡ ಕಲ್ಲುಕಂಬಕ್ಕೆ ಗುದ್ದಿತು. ಹಾಗೆಂದು ಅತ್ತೆ ಹೇಳಿದಳು. ಒಳಗೆ ಅವಳೊಬ್ಬಳೇ ಇದ್ದಳು.

ಅಪ್ಪ ತೋಟದಿಂದ ಓಡಿಬಂದ. ಬಾಗಿದ ಬಂಪರನ್ನು ನೋಡಲಿಲ್ಲ, ಕಂಬದ ಹಿಂದಿನ ಜಾಗ ನೋಡಿದ. ಪಕ್ಕದ ಮನೆಯ ಮಕ್ಕಳು ದಿನಾ ಆಡುವ ಜಾಗ ಅದು.

"ಕಂಬ ಇತ್ತು, ಸರಿಹೋಯ್ತು. ಮಗು ಇದ್ದಿದ್ರೆ?"

"ಮಗು ಇದ್ದಿದ್ರೆ ನಾನು ನೋಡ್ತಿದ್ದೆ."

"ಕಂಬ ಯಾಕೆ ನೋಡ್ಲಿಲ್ಲ? ನಿನ್ ಕಣ್ಣು ಮಂಜಾಗಿದೆ ರತ್ನ. ಒಪ್ಕೊಳೋಕೆ ನಿನಗಾಗಲ್ಲ."

"ಗಿಡ್ಡ ಕಂಬ, ಗಾಜಲ್ಲಿ ಕಾಣಲ್ಲ. ಅದಕ್ಕೇ ತಾನೇ ಹಿಂದೆ ನಾಲ್ಕು ಕಣ್ಣು ಇಟ್ಟಿರೋದು? ನನ್ ಕಣ್ಣು ಸರಿಯಾಗಿದೆ. ಕೆಟ್ಟಿರೋದು ಅದರದ್ದು."

ಅಪ್ಪ ಬಗ್ಗಿ ಬಂಪರಿನ ಸೆನ್ಸರುಗಳನ್ನು ನೋಡಿದ. ಆಮೇಲೆ ಹೇಳಿದ: "ಆಯ್ತು. ಅದು ಕೆಟ್ಟಿದ್ರೆ ನಾನು ಬಾಯಿ ಮುಚ್ಕೋತೀನಿ. ಸರಿ ಇದ್ರೆ ಕೀ ನನಗೆ ಕೊಟ್ಬಿಡ್ಬೇಕು. ಗಾಡಿಗೆ ಬೇರೆ ಡ್ರೈವರ್ ಇಡ್ತೀನಿ, ನೀನು ಮನೇಲಿರ್ಬೇಕು."

"ಆಯ್ತು ಕಣಣ್ಣ" ಎಂದಳು ಅತ್ತೆ, ಅವನು ಮಾತು ಮುಗಿಸುವ ಮೊದಲೇ.

ಸರ್ವೀಸ್ ಸೆಂಟರಿನಲ್ಲಿ ಬಂಪರ್ ಬಿಚ್ಚಿ ಇಡೀ ಸೆಟ್ಟನ್ನೇ ಬದಲಾಯಿಸಬೇಕೆಂದರು. ಯಾವುದು ಕೆಟ್ಟಿದೆ ಎಂದರೆ ಹೇಳುವವರಿಲ್ಲ. "ಒಂದು ಹಲ್ಲು ನೋವು ಅಂದ್ರೆ ದವಡೆನೇ ಕಿತ್ತಾಕ್ತೀರೇನಪ್ಪಾ?" ಎಂದು ಅಲ್ಲಿಂದ ಗಾಡಿ ತಿರುಗಿಸಿದಳು. ಕಾರನ್ನು ರಿವರ್ಸ್ ಗೇರಿನಲ್ಲಿಟ್ಟು ಸೆನ್ಸರಿನ ಮೇಲೆ ಬೆರಳಿಟ್ಟರೆ ಸಣ್ಣಗೆ ಮಿಡಿಯುವುದು ಗೊತ್ತಾಗುತ್ತದೆ, ಸತ್ತಿದ್ದರೆ ಮಿಡಿಯುವುದಿಲ್ಲ ಎಂದು ಟ್ಯಾಕ್ಸಿ ಸಾಲಿನಲ್ಲಿ ಯಾರೋ ಹೇಳಿಕೊಟ್ಟಿದ್ದರು. ಹಾಗೇ ಮುಟ್ಟಿ ನೋಡು ಎಂದೆ. "ನನ್ ಬೆರಳು ನನ್ ಪರಾನೇ ಹೇಳುತ್ತೆ ಕಣೇ. ಅದನ್ನ ಯಾರು ನಂಬ್ತಾರೆ?" ಎಂದಳು.

ಹೀಗೆ ನಾವಿಬ್ಬರೂ ದೊಡ್ಡಬಳ್ಳಾಪುರದ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋದೆವು. ನಾನಾಗ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೆ. ದಾಖಲೆಯಿಲ್ಲದ್ದನ್ನು ನಂಬಬಾರದೆಂದು ಹೊಸದಾಗಿ ಕಲಿತಿದ್ದೆ. ಅಂಗಡಿಯಾತ ಮೊದಲು ತೋರಿಸಿದ್ದು ಸ್ಟೇರಿಂಗ್ ಕೆಳಗೆ ಸಿಕ್ಕಿಸುವ ಪುಟ್ಟ ಡಬ್ಬಿ, ಮೊಬೈಲಿಗೆ ಸುದ್ದಿ ಕಳಿಸುವಂಥದ್ದು. ಆದರೆ ಅದು ಎಂಜಿನ್ನಿನ ಕಾಯಿಲೆ ಮಾತ್ರ ಹೇಳುತ್ತದೆ, ಸೆನ್ಸರಿನ ಗೊಡವೆಗೆ ಹೋಗುವುದಿಲ್ಲ ಎಂದು ಅವನೇ ಒಪ್ಪಿಕೊಂಡ. ಎರಡನೆಯದು ಸ್ಲೇಟಿನಷ್ಟು ಅಗಲದ ಸ್ಕ್ಯಾನರ್. ಯಾವ ಸೆನ್ಸರ್, ಏನು ದೋಷ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತದೆ, ಬೇಕಾದರೆ ಪ್ರಿಂಟೂ ಬರುತ್ತದೆ. ನಾನು ಅದನ್ನೇ ತೆಗೆದುಕೊಳ್ಳೋಣ ಎಂದೆ.

"ಪ್ರಿಂಟು ಬಂದ್ರೆ ನಿಮ್ಮಪ್ಪ ಯಾರ ಕೈಲಿ ಓದಿಸ್ತಾನೆ? ನಿನ್ ಕೈಲಿ. ಆಮೇಲೆ ಅತ್ತೆ ಸೊಸೆ ಸೇರ್ಕೊಂಡು ಓದ್ಬಿಟ್ರು ಅಂತಾನೆ."

ಮೂರನೆಯದು ಟಾರ್ಚಿನ ಗಾತ್ರದ ಟೆಸ್ಟರ್. ಅದರ ಮೂತಿಯನ್ನು ಸೆನ್ಸರಿನ ಎದುರು ಹಿಡಿದರೆ ಸಾಕು. ಸೆನ್ಸರ್ ಬದುಕಿದ್ದರೆ ನಮ್ಮ ಕಿವಿಗೆ ಕೇಳದ ಅದರ ಸದ್ದನ್ನು ಹಿಡಿದು ಹೇಳುತ್ತದೆ, ಸತ್ತಿದ್ದರೆ ಸುಮ್ಮನಿರುತ್ತದೆ. ಅದರಲ್ಲೂ ಎರಡು ಬಗೆ. ಒಂದು ಕೂಗಿ ಹೇಳುತ್ತದೆ, ಇನ್ನೊಂದು ಹಿಡಿಯ ಹತ್ತಿರ ಸಣ್ಣ ಕೆಂಪು ದೀಪ ಹತ್ತಿಸುತ್ತದೆ.

"ಕೂಗೋದು ತಗೊಳಿ ಅಕ್ಕ, ಎಲ್ರಿಗೂ ಕೇಳುತ್ತೆ" ಎಂದ ಅಂಗಡಿಯಾತ.

"ಕೂಗೋದು ಬೇಡಪ್ಪ. ಕಾರು ಕೂಗಿ ಕೂಗಿ ನನ್ ಮಾನ ತೆಗ್ದಿರೋದು ಸಾಕು. ಈ ದೀಪದ್ದು, ಹಿಡ್ಕೊಂಡೋನಿಗೆ ತಾನಾಗೇ ಗೊತ್ತಾಗುತ್ತಾ? ಓದು ಬರಹ ಏನೂ ಬೇಡ್ವಾ?"

"ಕಣ್ಣಿದ್ರೆ ಸಾಕು."

"ನಮ್ಮಣ್ಣನಿಗೆ ಕಣ್ಣು ಚೆನ್ನಾಗಿದೆಯಂತೆ. ಇದೇ ಕೊಡು."

ಪರೀಕ್ಷೆ ಅಂಗಳದಲ್ಲೇ ನಡೆಯಿತು. ಬಿಸಿಲಿತ್ತು. ಗೋಡೆಯಾಚೆ ಅಕ್ಕಪಕ್ಕದವರ ತಲೆಗಳು ಕಾಣುತ್ತಿದ್ದವು. ಅತ್ತೆ ಟೆಸ್ಟರನ್ನು ಅಪ್ಪನ ಕೈಗೇ ಕೊಟ್ಟಳು. ಅಪ್ಪ ಹಿಂಜರಿದ; ಯಾರಾದರೂ ಮೆಕ್ಯಾನಿಕ್ ಹಿಡಿಯಲಿ ಎಂದ. "ತಪ್ಪು ಅಂದೋನು ನೀನು. ನೀನೇ ನೋಡು, ನೀನೇ ಹೇಳು" ಎಂದು ಅತ್ತೆ ಸ್ಟೇರಿಂಗ್ ಹಿಂದೆ ಹೋಗಿ ಕೂತಳು. ಕೀ ತಿರುಗಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಿವರ್ಸ್ ಗೇರಿಗೆ ಹಾಕಿದಳು. ಆ ಸಲ ಮಾತ್ರ ಹಿಂದಕ್ಕೆ ತಿರುಗಿ ನೋಡಲಿಲ್ಲ. ನಾನು ಅವಳ ಬಾಗಿಲ ಹತ್ತಿರ ನಿಂತಿದ್ದೆ. ಕೀಯ ಮೇಲಿನ ಬೆರಳುಗಳನ್ನು ಅವಳು ತೆಗೆಯಲೇ ಇಲ್ಲ.

ಅಪ್ಪ ಬಂಪರಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ದೀಪ ಬಿಸಿಲಿಗೆ ಕಾಣದೆಂದು ಅದರ ಮೇಲೆ ಎಡಗೈ ಮರೆಮಾಡಿಕೊಂಡ. "ಮೊದಲನೇದು ಹತ್ಕೊಂತು" ಎಂದ. "ಎರಡನೇದೂ ಹತ್ಕೊಂತು." ಮೂರನೆಯದರ ಎದುರು ಬಹಳ ಹೊತ್ತು ಕೂತಿದ್ದ. ಅಪ್ಪ ಒಮ್ಮೆ ತಲೆಯೆತ್ತಿ ಹಿಂದಿನ ಗಾಜಿನಲ್ಲಿ ತಂಗಿಯ ನೆತ್ತಿಯನ್ನು ನೋಡಿದ. ಇದು ನಾನು ಕಂಡದ್ದೋ, ಆಮೇಲೆ ಸೇರಿಸಿಕೊಂಡದ್ದೋ, ಆಣೆಯಿಟ್ಟು ಹೇಳಲಾರೆ.

"ಇದು ಸತ್ತಿದೆ" ಎಂದ.

ನಾಲ್ಕನೆಯದನ್ನು ನೋಡಿದನೋ ಇಲ್ಲವೋ ಯಾರಿಗೂ ನೆನಪಿಲ್ಲ. ಅತ್ತೆ ಇಳಿದು ಬಂದಳು. ಗೆದ್ದೆ ಎನ್ನಲಿಲ್ಲ. ಹಣೆಯ ಬೊಟ್ಟನ್ನು ಕಿತ್ತು ಆ ಮೂರನೆಯ ಸೆನ್ಸರಿನ ಮೇಲೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. "ಸತ್ರೂ ಬೊಟ್ಟು ಇರ್ಲಿ" ಎಂದಳು, ಗೋಡೆಯಾಚೆಗೂ ಕೇಳುವಂತೆ. ಹೊಸದು ಹಾಕಿಸು ಎಂದು ನಾನೆಷ್ಟು ಹೇಳಿದರೂ ಕೇಳಲಿಲ್ಲ. "ಇದು ನನ್ ಸಾಕ್ಷಿ. ಸಾಕ್ಷಿನ ಯಾರಾದ್ರೂ ಬದಲಾಯಿಸ್ತಾರಾ?" ಕಣ್ಣುಗಳನ್ನು ಹಾಗೇ ಬಿಟ್ಟು, ಕೂಗುವ ಪೆಟ್ಟಿಗೆಯ ಸದ್ದಿನ ವೈರನ್ನು ಮಾತ್ರ ಕಿತ್ತುಹಾಕಿ, ಮತ್ತೆ ಕುತ್ತಿಗೆ ಹೊರಳಿಸಿಯೇ ಓಡಿಸಿದಳು. ಅಪ್ಪ ಕೀಯ ಮಾತೆತ್ತಲಿಲ್ಲ. ಆದರೆ ಮುಂದಿನ ವಾರ ಒಬ್ಬನೇ ಹಾರೆ ಹಿಡಿದು ಆ ಕಲ್ಲುಕಂಬವನ್ನು ಕಿತ್ತು ಹಾಕಿದ. ಟ್ರ್ಯಾಕ್ಟರಿಗೆ ಅಡ್ಡ ಬರುತ್ತೆ ಎಂದ. ಮಕ್ಕಳು ಆಡುವುದಕ್ಕೆ ಹಿತ್ತಲ ಕಡೆ ಜಾಗ ಮಾಡಿಕೊಟ್ಟ.

ಹೋದ ವರ್ಷ ರತ್ನತ್ತೆ ತೀರಿಕೊಂಡಳು. ಎದೆ ನೋವೆಂದು ದೇವನಹಳ್ಳಿಯ ಆಸ್ಪತ್ರೆಗೆ ತಾನೇ ಕಾರು ಓಡಿಸಿಕೊಂಡು ಹೋಗಿದ್ದಳು, ಎರಡು ಗಾಡಿಗಳ ನಡುವೆ ಹಿಂದಕ್ಕೆ ತೆಗೆದು ನೇರವಾಗಿ ನಿಲ್ಲಿಸಿದ್ದಳು. ಅಲ್ಲಿಂದ ಕಾರನ್ನು ಮನೆಗೆ ತಂದದ್ದು ಅಪ್ಪ.

ಮೊನ್ನೆ ಕಾರಿನ ಒಳಗನ್ನು ಒರೆಸುವಾಗ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಆ ಟೆಸ್ಟರ್ ಸಿಕ್ಕಿತು. ಹೊಸ ಸೆಲ್ ಹಾಕಿದೆ. ಕೀ ತಿರುಗಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಿವರ್ಸ್ ಗೇರಿಗೆ ಹಾಕಿ ಹಿಂದಕ್ಕೆ ಹೋದೆ. ಬಣ್ಣ ಮಾಸಿದ ಬೊಟ್ಟನ್ನು ಉಗುರಿನಿಂದ ಬಿಡಿಸಿ, ಟೆಸ್ಟರನ್ನು ಮೂರನೆಯದರ ಎದುರು ಹಿಡಿದೆ. ಕೆಂಪು ದೀಪ ಹತ್ತಿಕೊಂಡಿತು. ಮತ್ತೆ ಹಿಡಿದೆ, ಮತ್ತೆ ಹತ್ತಿತು.

ಸಡಿಲವಾದ ವೈರು ಒಮ್ಮೆ ಸಾಯುತ್ತದೆ, ಒಮ್ಮೆ ಬದುಕುತ್ತದೆ. ಇಂದು ಹತ್ತಿತೆಂದರೆ ಅಂದೂ ಹತ್ತಿತ್ತೆಂದು ಹೇಳಲಾಗುವುದಿಲ್ಲ. ಅತ್ತೆಯ ಪರವಾಗಿ ಈ ವಾದವನ್ನು ನಾನು ಯಾರ ಎದುರಿಗೂ ಮಾಡಬಲ್ಲೆ, ಮಾಡುತ್ತೇನೆ. ಆದರೆ ಅಂದು ಹತ್ತಿದ್ದರೆ, ಅವಳು ಜೀವಮಾನವಿಡೀ ಬೇಡವೆಂದ ಕನಿಕರವನ್ನು ಅಣ್ಣ ಅವಳಿಗೆ ಗೊತ್ತಾಗದಂತೆ ಕೊಟ್ಟುಬಿಟ್ಟ. ಗೊತ್ತಾಗಿದ್ದರೆ ಕೀಯನ್ನು ಅವನ ಮುಖಕ್ಕೇ ಎಸೆಯುತ್ತಿದ್ದಳು.

ಅಪ್ಪ ತೋಟದಿಂದ ಬಂದವನು ನನ್ನ ಕೈಯಲ್ಲಿದ್ದ ಟೆಸ್ಟರನ್ನೂ ಬೋಳಾದ ಸೆನ್ಸರನ್ನೂ ನೋಡಿದ. "ಆ ಬೊಟ್ಟು ಎಲ್ಲಿ?" ಎಂದ. ನನ್ನ ಬೆರಳ ತುದಿಯಿಂದ ಅದನ್ನು ಬಿಡಿಸಿಕೊಂಡು, ಕುಕ್ಕರಗಾಲಲ್ಲಿ ಕೂತು, ಇದ್ದ ಜಾಗಕ್ಕೇ ಇಟ್ಟ. ಅಂಟು ಹೋಗಿತ್ತು. ಬೀಳದಿರಲೆಂದು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಇದ್ದ. ಆಗ ನಾನು ಕೇಳಿದೆ.

"ಅಪ್ಪ, ಅವತ್ತು ನಿನ್ ಕೈಲಿ ದೀಪ ಹತ್ತಿತ್ತಾ?"