ಗಾಳಿಯಲ್ಲಿ ನಿಂತ ಹುಡುಗ

ಬಟ್ಟೆ ಹೊಲಿಯುವ ಅಕ್ಕ ಮಿಷನ್ ತುಳಿಯುತ್ತ ಯಾವಾಗಲೂ ಒಂದೇ ಹಾಡು ಗುನುಗುತ್ತಾಳೆ. ಒಂದು ಸಾಲಿಗೆ ಬಂದಾಗ ಹಾಡೂ ನಿಲ್ಲುತ್ತದೆ, ಕಾಲೂ ನಿಲ್ಲುತ್ತದೆ. ಗಳಿಗೆ ಬಿಟ್ಟು ಮತ್ತೆ ಶುರು. “ದಾರ ಕಿತ್ತೋಯ್ತಾ ಅಕ್ಕಾ?” ಎಂದು ಗಿರಾಕಿಗಳು ಇಣುಕುತ್ತಾರೆ.

ಅದು ಚಿಕ್ಕಂದಿನಲ್ಲಿ ಅವಳೂ ತಮ್ಮನೂ ಟೀವಿಗೆ ಜೋಡಿಸಿ ಆಡುತ್ತಿದ್ದ ಸ್ಕೇಟ್‌ಬೋರ್ಡ್ ವಿಡಿಯೋ ಗೇಮಿನ ಹಾಡು. ಡಿಸ್ಕಿನ ಮೇಲೆ ಗೀರು ಬಿದ್ದಿತ್ತು. ಹಾಡು ಆ ಸಾಲಿಗೆ ಬಂದರೆ ಸಾಕು, ಹಾಡೂ ಆಟವೂ ಗಕ್ಕನೆ ಗಳಿಗೆ ಹೊತ್ತು ನಿಂತುಬಿಡುತ್ತಿದ್ದವು. ಬರಬರುತ್ತ ಇಬ್ಬರೂ ಸರಿಯಾಗಿ ಆ ಸಾಲಿಗೇ ಪರದೆಯ ಹುಡುಗನನ್ನು ಇಳಿಜಾರಿನಿಂದ ಹಾರಿಸುವುದನ್ನು ಕಲಿತರು. ಅವನು ಹಲಗೆ ಸಮೇತ ಕಟ್ಟಡಗಳ ಮೇಲೆ, ನೀಲಿಯಲ್ಲಿ, ಬೀಳುವುದನ್ನೇ ಮರೆತವನಂತೆ ನಿಂತಿರುತ್ತಿದ್ದ. ಅಕ್ಕ ತಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಇವತ್ತು ಎದುರಿನ ಸಲೂನಿನ ರೇಡಿಯೋದಲ್ಲಿ ಅದೇ ಹಾಡು ಬಂತು. ಆ ಸಾಲಿಗೆ ಅಕ್ಕನ ಕಾಲು ತಾನಾಗಿಯೇ ನಿಂತಿತು. ಹಾಡು ಮಾತ್ರ ನಿಲ್ಲದೆ ಸರಾಗವಾಗಿ ಮುಂದಕ್ಕೆ ಓಡಿತು. ಅವಳಿಗೆ ರೇಗಿಹೋಯಿತು. ಎದ್ದು ಬಾಗಿಲಿಗೆ ಬಂದಳು.

“ಏನಣ್ಣ ನಿನ್ನ ರೇಡಿಯೋ! ಒಂಚೂರೂ ತಾಳ್ಮೆ ಬೇಡ್ವಾ? ಹುಡುಗ ಇನ್ನೂ ಮೇಲೇ ಇದಾನೆ!”

ಸಲೂನಿನವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು, ತಲೆಯೆತ್ತಿ ಆಕಾಶ ನೋಡಿದ.